ಸೋಮವಾರ ಹೂಡದ ಎತ್ತು

ಒಬ್ಬ ಮನುಷ್ಯ ಹೇಳುತ್ತಿರುವುದು ನಡೆದದ್ದೋ ಅಥವಾ ಕಟ್ಟಿದ್ದೋ ಎಂದು ತಿಳಿಸುವ ಯಂತ್ರ ಇದ್ದರೆ? ಈ ಪ್ರಶ್ನೆ ತಲೆಗೆ ಹೊಕ್ಕಾಗ ನನಗೆ ಮೂವತ್ತೊಂದು ವರ್ಷ. ಉತ್ತರ ಸಿಕ್ಕಾಗ ನಲವತ್ತೈದು. ನಡುವೆ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ, ರಾಮ ವನವಾಸ ಮಾಡಿದಷ್ಟು ಕಾಲ ನಾನು ಜನರ ತಲೆಯ ಮೇಲೆ ಟೋಪಿ ಇಟ್ಟು ತೆಗೆಯುತ್ತಿದ್ದೆ ಎನ್ನುತ್ತೇನೆ.

ಕಾಗದಪತ್ರದಲ್ಲಿ ಅದರ ಹೆಸರು ಸ್ಮೃತಿಮಾಪಕ. ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಟೋಪಿ ಎಂದೇ ಕರೆಯುತ್ತಿದ್ದರು. ನನ್ನನ್ನು ‘ಟೋಪಿ ಹಾಕುವ ಮೇಡಂ’ ಎನ್ನುತ್ತಿದ್ದರು. ನನಗೇನೂ ಬೇಜಾರಿಲ್ಲ. ಅದರ ತತ್ವ ಇಷ್ಟೇ: ಹೋದ ಯುಗಾದಿಗೆ ಏನು ಉಂಡಿರಿ ಎಂದು ನಿಮ್ಮನ್ನು ಕೇಳಿದರೆ ಮೆದುಳು ಮೊದಲು ಚಿತ್ರ ತರುತ್ತದೆ. ಎಲೆ, ಹೋಳಿಗೆಯ ವಾಸನೆ, ಪಕ್ಕದಲ್ಲಿ ಕೂತವರ ಮೊಣಕೈ ತಗುಲಿದ್ದು, ಎಲ್ಲ ಬಂದ ಮೇಲೆ ಮಾತು. ಸುಳ್ಳು ಹೇಳುವಾಗ ಮಾತು ಮುಂದೆ ಓಡುತ್ತದೆ, ಚಿತ್ರ ಹಿಂದಿನಿಂದ ಕುಂಟುತ್ತ ಬರುತ್ತದೆ. ನಡುವಿನ ಅಂತರ ಸೆಕೆಂಡಿನ ಐದನೇ ಒಂದು ಪಾಲು. ಟೋಪಿಯೊಳಗಿನ ಮುನ್ನೂರು ಸಂವೇದಕಗಳು ಮೆದುಳಿನ ಕಾಂತಕ್ಷೇತ್ರವನ್ನು ಅಳೆದು, ಯಾವುದು ಮೊದಲು ಬಂತು ಎಂದು ಹೇಳುತ್ತವೆ. ಚಿತ್ರ ಮೊದಲು ಬಂದರೆ ಪರದೆಯ ಮೇಲೆ ಹಸಿರು, ಮಾತು ಮೊದಲು ಬಂದರೆ ಕೆಂಪು.

ಇದನ್ನು ಕಟ್ಟುವಾಗ ನನ್ನ ಮನಸ್ಸಿನಲ್ಲಿ ಇದ್ದ ಆಸೆ ಒಂದೇ. ಪೊಲೀಸ್ ಠಾಣೆಗಳಲ್ಲಿ ಹೊಡೆಯುವುದು ನಿಲ್ಲಬೇಕು. ಸುಳ್ಳು ತಾನಾಗಿ ಸಿಕ್ಕಿಬೀಳುವುದಾದರೆ ಲಾಠಿ ಯಾಕೆ ಬೇಕು, ಅಲ್ಲವೇ? ನಾನು ಪೊಲೀಸಿನವನ ಮಗಳು. ನನ್ನ ಅಪ್ಪಯ್ಯ ಶೀನ ಮರಕಾಲ ಕುಂದಾಪುರದ ಕಡೆಯವನು, ದೋಣಿಯ ಮನೆತನದವನು. ನಾನು ಧಾರವಾಡದ ವಿಶ್ವವಿದ್ಯಾಲಯಕ್ಕೆ ಓದಲು ಸೇರಿದಾಗ, ಮಗಳೊಬ್ಬಳೇ ಅಷ್ಟು ದೂರ ಹ್ಯಾಗಿರುತ್ತಾಳೆ ಎಂದು ಎಎಸ್‌ಐ ಬಡ್ತಿಯ ಜೊತೆ ಬಯಲುಸೀಮೆಗೆ ವರ್ಗ ಕೇಳಿಕೊಂಡು ಬಂದವನು. ಮನೆಯಲ್ಲಿ ನನ್ನ ಮೇಲೆ ಒಮ್ಮೆಯೂ ಕೈ ಎತ್ತಿದವನಲ್ಲ. ಠಾಣೆಯಲ್ಲಿ ಎತ್ತುತ್ತಿದ್ದ ಎಂದು ನನಗೆ ಗೊತ್ತಿತ್ತು. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಯಂತ್ರ ಸಿದ್ಧವಾದ ಮೇಲೆ ನಡೆದದ್ದು ಮಾತ್ರ ನಾನು ಅಂದುಕೊಂಡದ್ದರ ತಿರುವುಮುರುವು. ಹಿರಿಯ ಪೊಲೀಸ್ ಅಧಿಕಾರಿ ದೇವೇಂದ್ರ ನಾಡಿಗೇರ ಅವರು ಒಂದು ಸಮಿತಿಯ ಅಧ್ಯಕ್ಷರಾಗಿ ನಮ್ಮಲ್ಲಿಗೆ ಬಂದರು. ಒಳ್ಳೆಯ ಮನುಷ್ಯ. ಬಂದಾಗಲೆಲ್ಲ ನಮ್ಮ ಜವಾನನಿಂದ ಹಿಡಿದು ಎಲ್ಲರಿಗೂ ಪೇಢೆ ತರುತ್ತಿದ್ದರು. ಅವರ ವಾದ ನೇರವಾಗಿತ್ತು.

“ಮೇಡಂ, ಹೊಡೆದ್ರ ಸುಳ್ಳು ಹೇಳ್ತಾರ ಅನ್ನೂದು ಒಂದ ತಕರಾರಲ್ರೀ? ಈಗ ನಿಮ್ಮ ಟೋಪಿ ಐತಿ. ಹೊಡೀಯೂಣು, ಬಾಯಿ ಬಿಡಸೂಣು, ಆಮ್ಯಾಲ ಟೋಪಿ ಇಟ್ಟು ನೋಡೂಣು. ಸುಳ್ಳಿದ್ರ ಕೆಂಪು ಬರ್ತೈತಿ, ಬಿಟ್ಟುಬಿಡೂಣು. ದಂಡಂ ದಶಗುಣಂ ಅಂತ ಹಿರ್ಯಾರು ಸುಮ್ಮನ ಅಂದಿಲ್ಲ.”

ನನ್ನ ಟೋಪಿ ಲಾಠಿಯನ್ನು ಓಡಿಸಬೇಕಿತ್ತು. ಅದು ಲಾಠಿಗೆ ಪರವಾನಗಿ ಕೊಡಲು ಹೊರಟಿತ್ತು. ನಾನು ಕೂಗಾಡಿದೆ. ನಾಡಿಗೇರ ಸಾಹೇಬರು ತಾಳ್ಮೆಯಿಂದ ಕೇಳಿ, “ಹಂಗಾದ್ರ ಅಳದ ನೋಡೂಣ್ರಿ” ಅಂದರು. ಹಿಂದೆ ಏಟು ತಿಂದು ತಪ್ಪೊಪ್ಪಿಕೊಂಡು ಶಿಕ್ಷೆಯಾದ ನೂರು ಕೈದಿಗಳನ್ನು ಆರಿಸಿ, ಅವರ ತಪ್ಪೊಪ್ಪಿಗೆಯನ್ನು ಟೋಪಿಯಲ್ಲಿ ಪರೀಕ್ಷೆ ಮಾಡುವುದೆಂದು ತೀರ್ಮಾನವಾಯಿತು. ಹೆಚ್ಚು ಜನಕ್ಕೆ ಕೆಂಪು ಬರುತ್ತದೆ, ಇವರ ಬಾಯಿ ಮುಚ್ಚುತ್ತದೆ ಎಂದು ನಾನು ಖುಷಿಯಿಂದ ಒಪ್ಪಿದೆ.

ಎಂಬತ್ತು ಜನರ ಪರೀಕ್ಷೆ ಮುಗಿಯುವ ಹೊತ್ತಿಗೆ ಎಪ್ಪತ್ತೆರಡು ಹಸಿರು ಬಂದಿತ್ತು. ನಾಡಿಗೇರ ಸಾಹೇಬರು ಎರಡು ಡಬ್ಬಿ ಪೇಢೆ ತಂದರು. ನನ್ನ ಪೇಢೆ ಮೇಜಿನ ಮೇಲೆಯೇ ಒಣಗಿತು.

ಎಂಬತ್ತೊಂದನೆಯವನು ಅಡಿವೆಪ್ಪ ಗಾಣಿಗೇರ. ಹಾಲಗುಂಡಿ ಎಂಬ ಊರಿನವನು, ವಯಸ್ಸು ಅರವತ್ತನಾಲ್ಕು. ಇಪ್ಪತ್ತಾರು ವರ್ಷದ ಹಿಂದೆ ತನ್ನ ಮರದ ಗಾಣಕ್ಕೆ ಹಿಂಡಿ ಕೊಳ್ಳಲು ಬರುತ್ತಿದ್ದ ವ್ಯಾಪಾರಿಯೊಬ್ಬನನ್ನು ಕೊಂದು, ಹೆಣವನ್ನು ಚಕ್ಕಡಿಯಲ್ಲಿ ಒಯ್ದು ಹಳ್ಳಕ್ಕೆ ಹಾಕಿದ ಎಂದು ಜೀವಾವಧಿ ಶಿಕ್ಷೆಯಾಗಿತ್ತು. ಪೊಲೀಸರೆದುರು ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಡೆಯುವುದಿಲ್ಲ. ಆದರೆ ಇವನು ಮ್ಯಾಜಿಸ್ಟ್ರೇಟರ ಎದುರಿಗೂ ಅದನ್ನೇ ಹೇಳಿದ್ದ. ಅವನ ಜೊತೆಗೆ ಜೈಲು ಸೇರಿದವರೆಲ್ಲ ಸನ್ನಡತೆಯ ಮೇಲೆ ಬಿಡುಗಡೆಯಾಗಿ ಹೋಗಿದ್ದರು. ಇವನು ಒಳಗೇ ಇದ್ದ. ಕಾರಣ, ಬಿಡುಗಡೆಯ ಅರ್ಜಿಗೆ ಅವನು ಸಹಿ ಹಾಕುತ್ತಿರಲಿಲ್ಲ. ಹೆಂಡತಿ ನಿಂಬೆವ್ವ ಪ್ರತಿ ವರ್ಷ ಅರ್ಜಿ ಬರೆಸಿಕೊಂಡು ಬರುತ್ತಿದ್ದಳು, ಪ್ರತಿ ವರ್ಷ ಸಹಿಯಿಲ್ಲದ ಅರ್ಜಿ ಹಿಡಿದುಕೊಂಡು ಊರಿಗೆ ಹೋಗುತ್ತಿದ್ದಳು. ಆ ದಿನವೂ ನಮ್ಮ ವರಾಂಡದಲ್ಲಿ ಅರ್ಜಿ ಮತ್ತು ರೊಟ್ಟಿ ಗಂಟು ಹಿಡಿದು ಕೂತಿದ್ದಳು.

ಅಡಿವೆಪ್ಪ ಟೋಪಿಯ ಕೆಳಗೆ ಕ್ಷೌರಕ್ಕೆ ಕೂತ ಮಗುವಿನ ಹಾಗೆ ಅಲುಗಾಡದೆ ಕೂತ.

“ಆವತ್ತ ಏನಾತು ಹೇಳ್ರಿ ಅಡಿವೆಪ್ಪಾರ,” ಅಂದೆ.

“ಗಾಣದ ಮನಿಯಾಗ ಅವನ್ನ ಹೊಡದ್ನಿ ಯವ್ವಾ. ತಲಿಗೆ.”

ಪರದೆಯ ಮೇಲೆ ಹಸಿರು.

“ಆಮ್ಯಾಲ?”

“ಚಕ್ಕಡಿಗೆ ಹೇರಿದ್ನಿ. ಎತ್ತ ಹೂಡಿದ್ನಿ.” ಅಲ್ಲಿಯ ತನಕ ಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದವನು ಇದ್ದಕ್ಕಿದ್ದಂತೆ ಮುಖ ಮುಚ್ಚಿಕೊಂಡ. “ಸೋಮವಾರಿತ್ತ ಯವ್ವಾ. ಸೋಮವಾರ ಎತ್ತ ಹೂಡಿದ್ನಿ. ನನ್ನ ಎತ್ತ ಮಾಳಿಂಗ ನನ್ನ ಮಾರಿ ನೋಡಿದಾ. ಇವತ್ತ್ಯಾಕ ಹೂಡಾಕತ್ತಿ ಅಂತ ಕೇಳಿದಂಗ ನೋಡಿದಾ. ಆ ಮಾರಿ ನಾ ಹೆಂಗ ಮರೀಲಿ?”

ಹಸಿರು. ನನ್ನ ಹದಿನೇಳು ವರ್ಷದ ಕೆಲಸದಲ್ಲಿ ಅಷ್ಟು ಗಟ್ಟಿಯಾದ ಹಸಿರನ್ನು ನಾನು ನೋಡಿರಲಿಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕು. ಈ ಸೀಮೆಯ ಗಾಣಿಗರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಗಾಣ ನಿಲ್ಲುತ್ತದೆ, ಚಕ್ಕಡಿ ನಿಲ್ಲುತ್ತದೆ. ಎತ್ತಿನ ಮೈ ತೊಳೆದು, ಹಿಂಡಿ ತಿನ್ನಿಸಿ, ಮನೆಯವರೆಲ್ಲ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾರೆ. ಇಪ್ಪತ್ತಾರು ವರ್ಷ ಈ ಮನುಷ್ಯ ಅರ್ಜಿಗೆ ಸಹಿ ಹಾಕದೆ ಕೂತದ್ದು ಕೊಲೆಗಿಂತ ಹೆಚ್ಚಾಗಿ ಈ ಒಂದು ಪಾಪಕ್ಕೆ. ತಾನು ಹೊರಗೆ ಬರಲು ಯೋಗ್ಯನಲ್ಲ ಎಂದು ಅವನು ತನಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದ.

ಹೊರಗೆ ಬಂದು ನಿಂಬೆವ್ವನಿಗೆ ಫಲಿತಾಂಶ ಹೇಳಿದೆ. ಅವಳು ಅಳಲಿಲ್ಲ.

“ಅಕ್ಕಾರ, ನಿಮ್ಮ ಟೊಪಗಿ ಸುಳ್ಳ ಹೇಳ್ತೈತ್ರಿ,” ಅಂದಳು. “ಆ ಸೋಮವಾರ ಎತ್ತಿನ ಮೈ ತೊಳದಾಕಿ ನಾನ. ಮಂಗಳವಾರ ಮುಂಜಾನಿತನಾ ಅವು ಕೊಟ್ಟಿಗ್ಯಾಗ ನಿಂತಿದ್ವು. ಆದ್ರ ಹೇಣ್ತಿ ಮಾತ ಕೋರ್ಟನ್ಯಾಗ ಯಾರ ಕೇಳ್ತಾರ್ರಿ? ಊರಾಗರ ಕೇಳಿದ್ರೇನು? ಸೋಮವಾರ ಎತ್ತ ಹೂಡಿದಂವ ಕೊಲಿ ಮಾಡೂದೇನ ದೊಡ್ಡದು ಅಂತ ಊರ ಮಂದೆಲ್ಲಾ ನಂಬಿಬಿಟ್ರು.”

ಹೆಂಡತಿಯರು ಹೀಗೆಯೇ ಹೇಳುತ್ತಾರೆ ಎಂದು ನಾನೂ ಅಂದುಕೊಂಡೆ. ಕೋರ್ಟು ಮಾಡಿದ ತಪ್ಪನ್ನೇ ನಾನೂ ಮಾಡಿದೆ. ನನ್ನ ಕೈಯಲ್ಲಿ ಮುನ್ನೂರು ಸಂವೇದಕಗಳಿದ್ದವಲ್ಲ, ಅದರ ಸೊಕ್ಕು.

ಮರುದಿನ ಭಾನುವಾರ. ಭಾನುವಾರ ನಮ್ಮ ಮನೆಯಲ್ಲಿ ಹಬ್ಬ. ಕರಾವಳಿಯಿಂದ ಮೀನು ಬರುತ್ತದೆ. ಅಪ್ಪಯ್ಯನಿಗೆ ಎಪ್ಪತ್ತೆಂಟಾದರೂ ಬಂಗುಡೆ ಗಸಿ ಮಾತ್ರ ಅವನೇ ಮಾಡಬೇಕು, ನಾನು ಮಾಡಿದರೆ ಅದು ಆಸ್ಪತ್ರೆಯ ಸಾರು. ಅಕ್ಕಪಕ್ಕದವರೆಲ್ಲ ಶಾಕಾಹಾರಿಗಳು, ಹಾಗಾಗಿ ಕಿಟಕಿ ಬಾಗಿಲು ಮುಚ್ಚಿ, ಫ್ಯಾನು ಹಾಕಿ, ಕಳ್ಳರ ಹಾಗೆ ಅಡುಗೆ. ಅಮ್ಮ ತೀರಿಕೊಂಡ ಮೇಲೆ ನಮ್ಮಿಬ್ಬರದು ಹೀಗೆಯೇ ನಡೆದಿತ್ತು. ಅವನು ಮುಳ್ಳು ಬಿಡಿಸಿ ಮೀನಿನ ತುಂಡನ್ನು ನನ್ನ ತಟ್ಟೆಗೆ ಹಾಕುತ್ತಾನೆ. ನಲವತ್ತೆಂಟು ವರ್ಷದ ಹೆಂಗಸಿಗೆ ಮುಳ್ಳು ಬಿಡಿಸಲು ಬರುವುದಿಲ್ಲವೇ ಎಂದು ನಾನು ರೇಗುತ್ತೇನೆ. ರೇಗುತ್ತಲೇ ತಿನ್ನುತ್ತೇನೆ.

ಊಟದ ನಡುವೆ ಹಿಂದಿನ ದಿನದ ಸಂಗತಿ ಹೇಳಿದೆ. “ಕೊಲೆ ಮಾಡಿದ್ದಕ್ಕೆ ಅತ್ತವರನ್ನು ನೋಡಿದ್ದೇನೆ ಅಪ್ಪಯ್ಯ. ಸೋಮವಾರ ಎತ್ತು ಹೂಡಿದ್ದಕ್ಕೆ ಅತ್ತವನನ್ನು ಇದೇ ಮೊದಲು ನೋಡಿದ್ದು. ಹಾಲಗುಂಡಿಯ ಗಾಣಿಗ.”

ಅಪ್ಪಯ್ಯನ ಕೈ ಮೀನಿನ ಮೇಲೆಯೇ ನಿಂತಿತು.

“ಅಡಿವೆಪ್ಪ,” ಅಂದ.

ನಾನು ಹೆಸರು ಹೇಳಿರಲಿಲ್ಲ. ಕಡತದಲ್ಲಿ ತನಿಖಾಧಿಕಾರಿ ಎಂದು ಇನ್ಸ್‌ಪೆಕ್ಟರೊಬ್ಬರ ಹೆಸರಿತ್ತು. ಹೊಡೆದವರ ಹೆಸರನ್ನು ಯಾವ ಕಡತದಲ್ಲೂ ಬರೆಯುವುದಿಲ್ಲ.

“ಅದ್ ನಾ ಹೇಳಿದ್ದ್ ಮಗಾ. ಸೋಮವಾರ ಅಂದದ್ದ್ ನಾನ್. ಅವ ಹೇಳಿದ್ದಲ್ಲ.”

ಫ್ಯಾನು ತಿರುಗುತ್ತಿತ್ತು. ನಾನು ಸುಮ್ಮನೆ ಕೂತೆ. ಯಾರಾದರೂ ಮಾತಾಡಲು ಶುರು ಮಾಡಿದಾಗ ಸುಮ್ಮನಿರಬೇಕು ಎಂದು ನನಗೆ ಕಲಿಸಿದವನೂ ಅವನೇ.

“ಮಂಗಳವಾರ ಬೆಳಿಗ್ಗೆ ಹಳ್ಳದಗೆ ಹೆಣ ಸಿಕ್ಕಿತ್. ಹಂಗಾರೆ ಸೋಮವಾರ ಗಾಡಿ ಹೂಡಿರ್ಕ್ ಅಲ್ದಾ? ಅದ್ ನಂದೇ ಅಂದಾಜ್. ನಾ ಕಡಲ್ ಬದಿಯವ. ದೋಣಿ ಗೊತ್ತ್, ಬಲೆ ಗೊತ್ತ್. ಇಲ್ಲಿಗೆ ಬಂದ್ ಎರಡ್ ತಿಂಗಳಾಗಿತ್ತ್ ಅಷ್ಟೇ. ಎತ್ತಿನ ಸೋಮವಾರ ನಂಗೆಂತ ಗೊತ್ತ್?” ಅವನು ನನ್ನ ಮುಖ ನೋಡುತ್ತಿರಲಿಲ್ಲ. “ಪೆಟ್ಟ್ ಬಿದ್ದದ್ದೇ ಕೊಲೆ ಮಾಡಿದ್ದೆ ಅಂತ ಮೊದ್ಲ್ ದಿನವೇ ಒಪ್ಕಂಡ. ಸೋಮವಾರ ಗಾಡಿ ಹೂಡಿದ್ದ್ ಮಾತ್ರ ಇಲ್ಲೆ ಅಂದ. ಸತ್ರೂ ಇಲ್ಲೆ ಅಂದ. ನಾ ಎಂತ ಎಣಿಸಿದೆ? ಮುಚ್ಚಿಟ್ಟದ್ದ್ ಅಲ್ಲೇ ಇತ್ತ್ ಅಂತ ಎಣಿಸಿದೆ. ಮುಳ್ಳ್ ಇದ್ದಲ್ಲೇ ಅಲ್ದಾ ನೋವಾಪ್ದ್? ಹಾಂಗಾಯಿ ಅಲ್ಲಿಗೇ ಹೊಡ್ದೆ.”

“ಆಮೇಲೆ?”

“ಆಮೇಲೆ ಹೂಡಿದ್ದೆ ಅಂದ. ಎತ್ತ್ ಹೆಂಗ್ ನೋಡ್ತ್ ಅಂತೆಲ್ಲಾ ಅವನೇ ಹೇಳುಕೆ ಶುರು ಮಾಡ್ದ. ನಾವೆಲ್ಲಾ ಗೆದ್ದೆವು ಅಂತ ಚಾ ಕುಡ್ದೆವು.”

“ಸೋಮವಾರದ ವಿಷಯ ನಿನಗೆ ಗೊತ್ತಾದದ್ದು ಯಾವಾಗ?”

“ಮರ್ವರ್ಷ. ನಮ್ಮನಿಗೆ ಎಣ್ಣೆ ತಕ್ಕಂಡ್ ಬಪ್ಪವ ಸೋಮವಾರ ಬತ್ತಿರ್ಲಿಲ್ಲೆ. ಎಂತಕ್ಕೆ ಅಂತ ಕೇಳ್ದೆ.”

ಇಪ್ಪತ್ತೈದು ವರ್ಷ. ನನಗೆ ಕೋಪ ಉಕ್ಕಿ ಬಂತು. ನಾನು ಪಿಎಚ್‌ಡಿ ಮಾಡುವಾಗ, ಟೋಪಿ ಕಟ್ಟುವಾಗ, ಪತ್ರಿಕೆಯಲ್ಲಿ ನನ್ನ ಚಿತ್ರ ಬಂದಾಗ, ಪ್ರತಿ ಭಾನುವಾರ ಮುಳ್ಳು ಬಿಡಿಸುವಾಗ, ಇವನಿಗೆ ಗೊತ್ತಿತ್ತು. “ಹೇಳಲಿಕ್ಕೆ ಏನಾಗಿತ್ತು ನಿನಗೆ?” ಎಂದು ಕಿರುಚಿದೆ.

“ಹೇಳಿರೆ ನೀ ನನ್ನ್ ಕೈಯ್ಯಗಿನ ಅನ್ನ ಉಂತಿದ್ಯಾ?”

ಆ ದಿನ ನಾನು ಉಣ್ಣಲಿಲ್ಲ, ಸುಳ್ಳೇಕೆ ಹೇಳಲಿ. ತಟ್ಟೆ ಹಾಗೆಯೇ ಬಿಟ್ಟು ಎದ್ದೆ. ಸಂಜೆ ಬಂದು ನೋಡಿದರೆ ಅಪ್ಪಯ್ಯ ಎರಡೂ ತಟ್ಟೆ ತೊಳೆದಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಾಲ್‌ನಲ್ಲಿ ಕೂತಿದ್ದ. “ನಾ ನಾಳೆ ನಿನ್ ಆಫೀಸಿಗೆ ಬತ್ತೆ. ನಂಗೂ ಟೋಪಿ ಇಡ್,” ಅಂದ.

ಮಗಳು ಅಪ್ಪನನ್ನು ವಿಚಾರಣೆ ಮಾಡಬಾರದು ಎಂದು ನಿಯಮ ಇದೆ. ಹಾಗಾಗಿ ನಾಡಿಗೇರ ಸಾಹೇಬರೇ ಎದುರು ಕೂತು ಪ್ರಶ್ನೆ ಕೇಳಿದರು, ನಾನು ಪರದೆ ನೋಡಿದೆ. ಟೋಪಿಯ ಕೆಳಗೆ ಅಪ್ಪಯ್ಯನ ಮುಖ ಇಷ್ಟು ಚಿಕ್ಕದಾಗಿ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

“ಅಂವಾ ಏನಂದಾ, ಅದನ್ನ ಇದ್ದಂಗ ಹೇಳ್ರಿ ಮರಕಾಲ ಅವರ,” ಅಂದರು ಸಾಹೇಬರು.

ಅಪ್ಪಯ್ಯ ಕಣ್ಣು ಮುಚ್ಚಿ, ತನ್ನ ಕಡಲ ಕಡೆಯ ನಾಲಿಗೆಯಲ್ಲಿ ಬಯಲುಸೀಮೆಯ ಮಾತನ್ನು ಒಂದಕ್ಷರ ಬಿಡದೆ ಹೇಳಿದ. “ಕೊಲಿ ಮಾಡೇನಿ ಅಂತ ಬೇಕಾದ್ರ ಬರಕೊಳ್ರಿ ಸಾಹೇಬ್ರ. ಸೋಮವಾರ ಎತ್ತ ಹೂಡೇನಿ ಅಂತ ಮಾತ್ರ ಬರೀಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ.”

ಹಸಿರು. ಮೊದಲಿನಿಂದ ಕೊನೆಯವರೆಗೂ ಹಸಿರು.

ನಾಡಿಗೇರ ಸಾಹೇಬರು ಎದ್ದು ನನ್ನ ಪಕ್ಕ ಬಂದು ಇಬ್ಬರ ಪರದೆಯ ದಾಖಲೆಗಳನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರು. “ಗಾಣಿಗ ಹೂಡೇನಿ ಅಂತಾನ, ಹಸಿರು. ನಿಮ್ಮ ತಂದಿಯವರು ಅದು ನಾ ಕಟ್ಟಿದ ಕಥಿ ಅಂತಾರ, ಅದೂ ಹಸಿರು. ಒಬ್ಬಾಂವರ ಸುಳ್ಳಿರಬೇಕಲ್ರೀ ಮೇಡಂ?”

“ಇಬ್ಬರೂ ಸುಳ್ಳು ಹೇಳ್ತಿಲ್ಲ ಸರ್.”

ಅದು ನನಗೆ ಆ ಗಳಿಗೆಯಲ್ಲೇ ಹೊಳೆದದ್ದು. ಬಾಯಿಂದ ಹೇಳುತ್ತಲೇ ನನ್ನ ಹದಿನೇಳು ವರ್ಷ ಕಾಲ ಕೆಳಗಿನಿಂದ ಜಾರುತ್ತಿತ್ತು. ನಿದ್ದೆಗೆಟ್ಟು, ಏಟು ತಿಂದು, ಒಂದೇ ಪ್ರಶ್ನೆಯನ್ನು ನೂರು ಸಲ ಕೇಳಿಸಿಕೊಂಡ ಮೆದುಳು ಹೇಗಾದರೂ ನೋವು ನಿಲ್ಲಲಿ ಎಂದು ಕೇಳಿದವರಿಗೆ ಬೇಕಾದ ಚಿತ್ರ ಬಿಡಿಸಿಕೊಡುತ್ತದೆ. ಮೊದಲು ಬಿಡಿಸುವಾಗ ಅದು ಸುಳ್ಳೆಂದು ಗೊತ್ತಿರುತ್ತದೆ. ಐವತ್ತನೇ ಸಲಕ್ಕೆ ಯಾರು ಬಿಡಿಸಿದ್ದು ಎನ್ನುವುದೇ ಮರೆತುಹೋಗುತ್ತದೆ. ಆ ಮೇಲೆ ಚಿತ್ರ ಮಾತ್ರ ಉಳಿಯುತ್ತದೆ. ನನ್ನ ಯಂತ್ರಕ್ಕೆ ಕಾಣುವುದು ಚಿತ್ರ ಇದೆಯೋ ಇಲ್ಲವೋ ಎಂಬುದಷ್ಟೇ. ಯಾರ ಕೈಯಿಂದ ಬಂತು ಎನ್ನುವುದು ಕಾಣುವುದಿಲ್ಲ. ಉಳಿದ ಎಪ್ಪತ್ತೆರಡು ಹಸಿರಿನಲ್ಲಿ ಎಷ್ಟು ನಡೆದದ್ದು, ಎಷ್ಟು ಗುದ್ದಿ ಹಣ್ಣು ಮಾಡಿದ್ದು ಎಂದು ಇನ್ನು ಯಾರೂ ಹೇಳಲಾರರು.

ಸಾಹೇಬರು ತಮ್ಮ ಕುರ್ಚಿಗೆ ಹೋಗಿ ಕೂತರು. ಆಮೇಲೆ, ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ ಕೇಳಿದರು. “ನಾಳೆ ಬಸ್‌ಸ್ಟ್ಯಾಂಡಿನ್ಯಾಗ ಬಾಂಬ್ ಐತಿ ಅಂತ ತಿಳಕೊಳ್ರಿ. ಇಟ್ಟಾಂವ ಸಿಕ್ಕಾನ. ಆಗರ ಹೊಡೀಬೇಕೋ ಬ್ಯಾಡೋ?”

“ಅವನೇ ಇಟ್ಟವನು ಅಂತ ನಿಮಗೆ ಹೇಗೆ ಗೊತ್ತು ಸರ್? ಅಪ್ಪಯ್ಯನಿಗೂ ಅಡಿವೆಪ್ಪನೇ ಕೊಲೆಗಾರ ಅಂತ ಗೊತ್ತಿತ್ತು. ಎತ್ತನ್ನೇ ಹೂಡದವನು ಹೆಣವನ್ನು ಹಳ್ಳಕ್ಕೆ ಒಯ್ದದ್ದು ಹೇಗೆ? ಬಸ್‌ಸ್ಟ್ಯಾಂಡು ಅಂತ ನೀವು ಮನಸ್ಸಿನಲ್ಲಿ ಇಟ್ಟುಕೊಂಡು ಹೊಡೆದರೆ ಅವನು ಬಸ್‌ಸ್ಟ್ಯಾಂಡು ಅಂತಲೇ ಹೇಳುತ್ತಾನೆ, ನನ್ನ ಟೋಪಿ ಹಸಿರು ಅಂತ ಹೇಳುತ್ತೆ, ಬಾಂಬು ರೈಲ್ವೆ ಸ್ಟೇಷನ್ನಿನಲ್ಲಿ ಸಿಡಿಯುತ್ತೆ. ಆ ವ್ಯಾಪಾರಿಯನ್ನು ಕೊಂದವನು ಇಪ್ಪತ್ತಾರು ವರ್ಷದಿಂದ ಆರಾಮಾಗಿ ಊಟ ಮಾಡಿಕೊಂಡಿದ್ದಾನೆ. ಅವನನ್ನು ಹುಡುಕುವುದನ್ನೇ ನಾವು ನಿಲ್ಲಿಸಿದೆವು, ಉತ್ತರ ಸಿಕ್ಕಿತ್ತಲ್ಲ.”

ಅವರು ಎದುರಿಗಿದ್ದ ವರದಿಯಲ್ಲಿ ಇಬ್ಬರ ಫಲಿತಾಂಶವನ್ನೂ ಬರೆದರು. ವರದಿ ಎತ್ತಿಕೊಂಡು ಬಾಗಿಲ ತನಕ ಹೋದವರು ತಿರುಗಿ ಬಂದು ಮೆಲ್ಲಗೆ, “ನಿಮ್ಮ ತಂದಿಯವರ ಹೆಸರು ತಗದಬಿಡ್ಲೇನ್ರಿ? ಒಬ್ಬ ನಿವೃತ್ತ ಅಧಿಕಾರಿ ಅಂತ ಬರದ್ರ ಸಾಕು,” ಅಂದರು.

ತೆಗೆಯಿರಿ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವನು ನನ್ನ ಅಪ್ಪ. ಈ ವಯಸ್ಸಿನಲ್ಲಿ ಅವನನ್ನು ಯಾರೂ ಬೆರಳು ಮಾಡಿ ತೋರಿಸಬಾರದು. ಆದರೆ ಕುರ್ಚಿಯಲ್ಲಿ ಕೂತಿದ್ದ ಅಪ್ಪಯ್ಯನಿಗೆ ಕಿವಿ ಇನ್ನೂ ಚುರುಕಾಗಿತ್ತು. “ಬೇಡ ಸಾಯ್ಬ್ರೆ,” ಅಂದ. “ಅವನ ಹೆಸರು ಇಪ್ಪತ್ತಾರ್ ವರ್ಷ ಬರ್ದಿಟ್ಟಿರಿ. ನನ್ನದೂ ಇರ್ಲಿ.”

ಆ ವರದಿ ಹೋದ ಮೇಲೆ ಹೊಡೆದು ಪರೀಕ್ಷಿಸುವ ಪ್ರಸ್ತಾವವನ್ನು ಸಮಿತಿ ಕೈಬಿಟ್ಟಿತು. ನನಗೆ ಅಭಿನಂದನೆಯ ಪತ್ರಗಳು ಬಂದವು. ಅಡಿವೆಪ್ಪ ಮಾತ್ರ ಜೈಲಿನಲ್ಲೇ ಇದ್ದ. ಕಾನೂನಿನ ಪ್ರಕಾರ ಈಗಲೂ ಬೇಕಾದದ್ದು ಅವನ ಒಂದು ಸಹಿ. ನಾಡಿಗೇರ ಸಾಹೇಬರೇ ಹೋಗಿ ಹೇಳಿದರೂ ಅವನು, “ಯಾರೋ ನನ್ನ ಮ್ಯಾಲ ಕನಿಕರಕ್ಕ ಹಂಗ ಹೇಳ್ಯಾರ್ರೀ” ಎಂದು ಕಾಗದ ಹಿಂದಕ್ಕೆ ತಳ್ಳಿದ್ದ.

“ನಾ ಹೋತೆ,” ಅಂದ ಅಪ್ಪಯ್ಯ.

ಜೈಲಿನ ಭೇಟಿ ಕೋಣೆಯಲ್ಲಿ ಒಂದು ಉದ್ದನೆಯ ಬೆಂಚು, ಒಂದು ಮೇಜು. ನಿಂಬೆವ್ವ ಗಂಡನ ಪಕ್ಕ ಕೂತಿದ್ದಳು. ಅಪ್ಪಯ್ಯ ಒಳಗೆ ಬಂದಾಗ ಅಡಿವೆಪ್ಪನಿಗೆ ಮೊದಲು ಗುರುತು ಸಿಗಲಿಲ್ಲ. ಆಮೇಲೆ ಸಿಕ್ಕಿತು. ಮುಖದಲ್ಲಿ ಏನೂ ಬದಲಾಗಲಿಲ್ಲ, ಆದರೆ ಎರಡು ಕಾಲನ್ನೂ ಬೆಂಚಿನ ಮೇಲೆ ಎಳೆದುಕೊಂಡು ಅಂಗಾಲುಗಳನ್ನು ಪಂಚೆಯ ಒಳಗೆ ಮುಚ್ಚಿಕೊಂಡ. ಎಲ್ಲಿ ಹೊಡೆದಿದ್ದರು ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ಅಪ್ಪಯ್ಯನೂ ಅದನ್ನು ನೋಡಿದ. ನಾನು ಕೂರು ಎಂದರೂ ಕೂರಲಿಲ್ಲ. ನಿಂತೇ ಮಾತಾಡಿದ, ಈ ಸೀಮೆಯ ಮಾತಿನಲ್ಲಿ.

“ಅಡಿವೆಪ್ಪಾ, ನೀ ಸೋಮವಾರ ಎತ್ತ ಹೂಡಿಲ್ಲ. ಅದು ನಾ ಕಟ್ಟಿದ ಕಥಿ.”

“ಸುಳ್ಳ್ರಿ,” ಅಂದ ಅಡಿವೆಪ್ಪ. “ನನ್ನ ಕಣ್ಣಾಗ ಐತಿ. ಮಾಳಿಂಗನ ಕೊಳ್ಳಗಂಟಿ ಸಪ್ಪಳಾ ಇನ್ನ ಕೇಳತೈತಿ.”

“ನೀ ಇಲ್ಲ ಅಂದಿ. ನಾ ಹೊಡದೆ. ಮತ್ತೂ ಇಲ್ಲ ಅಂದಿ.”

ಅಡಿವೆಪ್ಪ ತಲೆ ಎತ್ತಿದ. “ನಾ ಇಲ್ಲ ಅಂದಿದ್ನೇನ್ರಿ?”

“ಅಂದಿ.”

“ಎಷ್ಟ ಸರ್ತಿ?”

“ಸರ್ತಿ ಎಣಿಸಿಲ್ಲ. ಮೂರು ದಿನ. ನಾಕು ಮಂದಿ ಪಾಳಿ ಮ್ಯಾಲ ಹೊಡದ್ವಿ. ಮೂರು ದಿನ ನೀ ನಿನ್ನ ಎತ್ತಿನ ಬಿಟ್ಟುಕೊಡಲಿಲ್ಲ.”

ಅಡಿವೆಪ್ಪ ನಿಂಬೆವ್ವನ ಕಡೆ ತಿರುಗಿದ. ಇಪ್ಪತ್ತಾರು ವರ್ಷ ಅವಳು ಹೇಳಿದ್ದನ್ನು ಅವನು ನಂಬಿರಲಿಲ್ಲ. ಹೊಡೆದವನೇ ಬಂದು ಹೇಳುವುದು ಬೇರೆ. “ನಿಂಬೀ, ಮೂರ ದಿನ ಅಂತ,” ಅಂದ. “ಮೂರ ದಿನ ತಡದಿದ್ನಂತ ನೋಡ.”

ನಿಂಬೆವ್ವ ಆಗ ಅತ್ತಳು.

ಸಹಿ ಮಾತ್ರ ಹಾಕಲಿಲ್ಲ. ಹೊರಡುವಾಗ ಅಪ್ಪಯ್ಯನಿಗೆ ಹೇಳಿದ, “ನಿಮಗ ಕ್ಷಮಾ ಮಾಡೂದು ನನ್ನ ಕೈಲೆ ಆಗಂಗಿಲ್ರಿ. ಬೇಜಾರ ಮಾಡ್ಕೋಬ್ಯಾಡ್ರಿ. ಆದ್ರ ಮುಂದಿನ ವಾರ ಬರ್ರಿ. ಬಂದು ಇದನ್ನ ಮತ್ತ ಹೇಳ್ರಿ.”

ಅಪ್ಪಯ್ಯ ಹೋದ. ಮುಂದಿನ ವಾರ, ಅದರ ಮುಂದಿನ ವಾರ, ಎಂಟು ವಾರ. ಬಸ್ಸಿನಲ್ಲಿ ಹೋಗುತ್ತೇನೆ ಅನ್ನುತ್ತಿದ್ದ, ನಾನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಪ್ರತಿ ಸಲವೂ ಅಡಿವೆಪ್ಪ ಒಂದೊಂದು ಪ್ರಶ್ನೆ ಕೇಳುತ್ತಿದ್ದ. ಆಗ ನನ್ನ ಮೈಮ್ಯಾಲ ಏನಿತ್ತು? ನೀರ ಕೊಟ್ಟಿದ್ರೇನು? ನಾ ಯಾರ ಹೆಸರ ಕರೀತಿದ್ನಿ? ಅಪ್ಪಯ್ಯ ನಿಂತುಕೊಂಡು ಉತ್ತರ ಹೇಳುತ್ತಿದ್ದ. ಕೊಡಲಿಲ್ಲ ಅನ್ನಬೇಕಾದಲ್ಲಿ ಕೊಡಲಿಲ್ಲ ಎಂದೇ ಹೇಳುತ್ತಿದ್ದ. ನಾಲ್ಕನೇ ವಾರ ಅಡಿವೆಪ್ಪ, “ಕುಂಡ್ರರಿ, ವಯಸ್ಸಾಗೇತಿ ನಿಮಗ” ಅಂದ. ಆರನೇ ವಾರ ನಿಂಬೆವ್ವ ರೊಟ್ಟಿ ಗಂಟು ಬಿಚ್ಚಿ ಮೂವರಿಗೂ ಕೊಟ್ಟಳು. ಆರನೇ ವಾರದ ಭಾನುವಾರ ಅಪ್ಪಯ್ಯ ಮುಳ್ಳು ಬಿಡಿಸಿ ಹಾಕಿದ ಮೀನನ್ನು ನಾನೂ ಮತ್ತೆ ತಿಂದೆ. ರೇಗಲಿಲ್ಲ.

ಎಂಟನೇ ವಾರ ಅಪ್ಪಯ್ಯ ದಣಿದಿದ್ದ. ಕೂತವನೇ ನಿಧಾನಕ್ಕೆ ಎಂದಿನ ಮಾತು ಶುರು ಮಾಡಿದ. “ನೀ ಇಲ್ಲ ಅಂದಿ ಅಡಿವೆಪ್ಪಾ. ನಾಕು ದಿನ ಹೊಡದ್ವಿ, ನಾಕೂ ದಿನ ನೀ...”

“ಮೂರ್ರಿ,” ಅಂದ ಅಡಿವೆಪ್ಪ.

“ನಾಕಲ್ಲೇನು?”

“ಅಲ್ರಿ. ಮೂರ ದಿನ. ಮೂರನೇ ದಿನಾ ಕಿಟಕ್ಯಾಗ ಬಿಸಲ ಬಂದಿತ್ತು, ಆಗ ಹ್ಞೂಂ ಅಂದ್ನಿ. ಅಲ್ಲೀತನಾ ಇಲ್ಲ ಅಂದೇನಿ. ನನಗ ನೆನಪೈತಿ.” ಹೇಳಿ ಮುಗಿಸಿದ ಮೇಲೆ ತಾನೇ ಏನು ಹೇಳಿದೆ ಎಂದು ಬೆರಗಾದವನ ಹಾಗೆ ಹೆಂಡತಿಯ ಕಡೆ ತಿರುಗಿದ. “ನನಗ ನೆನಪೈತಿ ನಿಂಬೀ.”

ಆ ಬಿಸಿಲು ನಿಜವಾಗಿ ಇಪ್ಪತ್ತಾರು ವರ್ಷದ ಕೆಳಗಿನಿಂದ ಎದ್ದು ಬಂದದ್ದೋ, ಎಂಟು ವಾರ ಮೆತ್ತಗಿನ ದನಿಯಲ್ಲಿ ಕೇಳಿಸಿಕೊಂಡು ಅವನ ಮೆದುಳು ಹೊಸದಾಗಿ ಬಿಡಿಸಿಕೊಂಡದ್ದೋ, ನನಗೆ ಗೊತ್ತಿಲ್ಲ. ಟೋಪಿ ಕಾರಿನಲ್ಲೇ ಇತ್ತು. ನಾನು ತರಲು ಹೋಗಲಿಲ್ಲ. ವಿಜ್ಞಾನಿ ಎಂಬ ಹೆಸರಿಗೆ ಅದು ಕಳಂಕವಾದರೆ ಆಗಲಿ. ನಿಂಬೆವ್ವ ಮಡಿಕೆ ಬಿಡಿಸಿ ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಅಡಿವೆಪ್ಪ ಪೆನ್ನು ಕೇಳಿ ಇಸಿದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದ.

ವಾಪಸು ಬರುವಾಗ ಅಪ್ಪಯ್ಯ ಕಿಟಕಿಯ ಹೊರಗೆ ನೋಡುತ್ತಿದ್ದ. ಅವನಿಗೆ ಅರವತ್ತು ವರ್ಷದ ಹಿಂದಿನ ದೋಣಿಗಳ ಹೆಸರೂ ನೆನಪಿದೆ. ನನಗೆ ಅನುಮಾನ ತಡೆಯಲಾಗಲಿಲ್ಲ.

“ಅಪ್ಪಯ್ಯ, ನಾಲ್ಕು ದಿನ ಅಂದದ್ದು ಮರೆತೋ? ಬೇಕಂತಲೋ?”

ಅವನು ಕಿಟಕಿಯ ಗಾಜು ಏರಿಸಿದ.

“ತಪ್ಪ್ ಹೇಳಿರೆ ಜನ ತಿದ್ದುಕೆ ಬತ್ರ್. ಅದ್ ಹಳೇ ಉಪಾಯ,” ಅಂದ. “ಹೊಡೀದೆ ಕೇಳುಕೆ ನಂಗೂ ಬತ್ತಿತ್ತ್ ಮಗಾ. ಆವತ್ತ್ ನಂಗೆ ಪುರ್ಸೊತ್ತ್ ಇರ್ಲಿಲ್ಲೆ.”

ನಾನು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಅಪ್ಪಯ್ಯ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವುಗಳನ್ನೇ ನೋಡುತ್ತ ಅಳುತ್ತಿದ್ದ. ನಾನು ಅವನ ಒಂದು ಕೈ ಹಿಡಿದುಕೊಂಡು ಅವನ ಅಳು ಮುಗಿಯುವ ತನಕ ಕೂತೆ.